"ನಾಟಕ ನಿಲ್ಲಿಸಿ, ನಾನು ಬರ್ತೀನಿ": ಅನ್ಯಾಯದ ಕತೆಯನ್ನು ಜನರ ಜೊತೆಗೇ ಆಡಿ ನೋಡುವುದು ಹೇಗೆ

ನಾವು ಮಾಡಿದ ಮೊದಲ 'ಸಾಮಾಜಿಕ' ನಾಟಕ ವೀಲ್‌ಚೇರ್ ಬಳಸುವ ಒಬ್ಬ ಯುವಕನ ಬಗ್ಗೆ. ಆ ಪಾತ್ರ ನಂದೇ. ಬಾಡಿಗೆಗೆ ತಂದ ವೀಲ್‌ಚೇರ್‌ನಲ್ಲಿ ಕೂತು ನಲವತ್ತು ನಿಮಿಷ ಅತ್ತೆ. ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ಜೋರಾಗಿಯೇ ಬಿತ್ತು. ಎಲ್ಲ ಮುಗಿದ ಮೇಲೆ, ನಿಜವಾಗಿಯೂ ವೀಲ್‌ಚೇರ್ ಬಳಸುವವರೊಬ್ಬರು ಹತ್ತಿರ ಬಂದರು. "ಚೆನ್ನಾಗಿ ಮಾಡಿದ್ರಿ ಸಾರ್. ಆದ್ರೆ ನಾವು ಇಷ್ಟೊಂದು ಅಳಲ್ಲ. ನಮಗೆ ಸಿಟ್ಟು ಬರುತ್ತೆ" ಅಂದರು. ಹೊರಡುವ ಮುಂಚೆ ತಿರುಗಿ ನೋಡಿ ಇನ್ನೊಂದು ಮಾತು ಸೇರಿಸಿದರು: "ಮತ್ತೆ, ಕೂತಾಗ ಬ್ರೇಕ್ ಹಾಕ್ಕೊಳ್ಳಿ. ನಾಟಕ ಪೂರ್ತಿ ಹಿಂದಕ್ಕೆ ಜಾರ್ತಾ ಇದ್ರಿ."

ಆ ನಾಟಕವನ್ನು ಮತ್ತೆ ಆಡಲಿಲ್ಲ. ಬದಲಿಗೆ ಅವರನ್ನೇ ಕರೆದು ಕೂರಿಸಿಕೊಂಡು ಬೇರೆ ಥರದ ಕೆಲಸ ಶುರು ಮಾಡಿದೆವು. ಅದಕ್ಕೆ ಫೋರಂ ಥಿಯೇಟರ್ ಅನ್ನುತ್ತಾರೆ. ಒಂದು ಅನ್ಯಾಯದ ಸಣ್ಣ ದೃಶ್ಯ ಆಡುತ್ತೇವೆ. ಅದು ಸೋಲಿನಲ್ಲಿ ಮುಗಿಯುತ್ತದೆ. ಆಮೇಲೆ ಅದನ್ನೇ ಎರಡನೇ ಸಲ ಆಡುತ್ತೇವೆ. ಈ ಸಲ ನೋಡುವವರು ಯಾರು ಬೇಕಾದರೂ "ನಿಲ್ಲಿಸಿ" ಅಂತ ಕೂಗಿ, ಎದ್ದು ಬಂದು, ಪಾತ್ರದ ಜಾಗದಲ್ಲಿ ನಿಂತು ತಮಗೆ ತೋಚಿದ ದಾರಿಯನ್ನು ಆಡಿ ತೋರಿಸಬಹುದು. ಭಾಷಣ ಇಲ್ಲ, ನೀತಿಪಾಠ ಇಲ್ಲ. ಇದರ ಲಾಭ ಏನು ಅಂದರೆ, ಗಂಟು ನಿಜವಾಗಿ ಎಲ್ಲಿ ಬಿದ್ದಿದೆ ಅನ್ನುವುದು ಎಲ್ಲರ ಕಣ್ಣೆದುರೇ ಗೊತ್ತಾಗುತ್ತದೆ.

ಈ ಪದ್ಧತಿಗೆ ರೂಪ ಕೊಟ್ಟವರು ಬ್ರೆಜಿಲ್‌ನ ಆಗಸ್ಟೊ ಬೋಲ್ (1931–2009). ಅವರಿಗೂ ಒಮ್ಮೆ ಮುಖಭಂಗವಾಗಿತ್ತು. ಅವರ ತಂಡ ಬಡ ರೈತರ ಮುಂದೆ, ಕೈಯಲ್ಲಿ ಬಂದೂಕು ಹಿಡಿದು, "ನೆಲಕ್ಕಾಗಿ ರಕ್ತ ಹರಿಸೋಣ" ಅಂತ ಹಾಡಿತು. ನಾಟಕ ಮುಗಿದ ಮೇಲೆ ವಿರ್ಜಿಲಿಯೊ ಅನ್ನುವ ರೈತ ಬಂದು, ನಿಮ್ಮ ಬಂದೂಕು ತಗೊಂಡು ಬನ್ನಿ, ಜಮೀನ್ದಾರನ ಜನರನ್ನು ಓಡಿಸೋಣ ಅಂದ. ಇವು ನಾಟಕದ ಬಂದೂಕು ಅಂದರು. ಪರವಾಗಿಲ್ಲ, ನಮ್ಮಲ್ಲಿ ನಿಜವಾದವು ಇವೆ, ನೀವು ಬಂದರೆ ಸಾಕು ಅಂದ. ನಾವು ಬರೀ ನಟರು ಅಂತ ಇವರು ಹಿಂಜರಿದರು. ಹಾಗಾದರೆ ಹರಿಯಬೇಕಾದ ರಕ್ತ ನಮ್ಮದು, ನಿಮ್ಮದಲ್ಲ ಅನ್ನುವುದು ರೈತನಿಗೆ ಅರ್ಥವಾಯಿತು. ತಾನು ಮೈಮೇಲೆ ಹಾಕಿಕೊಳ್ಳಲಾರದ ಅಪಾಯಕ್ಕೆ ಬೇರೆಯವರನ್ನು ಕರೆಯಬಾರದು ಅಂತ ಬೋಲ್ ಅಂದೇ ನಿರ್ಧರಿಸಿದರಂತೆ. 1971ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಅವರನ್ನು ಬಂಧಿಸಿ ಹಿಂಸಿಸಿತು. ಅವರು ದೇಶ ಬಿಡಬೇಕಾಯಿತು.

1973ರಲ್ಲಿ ಪೆರು ದೇಶದ ಅಕ್ಷರ ಕಲಿಸುವ ಯೋಜನೆಯಲ್ಲಿ ಕೆಲಸ ಮಾಡುವಾಗ ಇನ್ನೊಂದು ಘಟನೆ. ಆಗ ನೋಡುವವರು ಸಲಹೆ ಹೇಳುತ್ತಿದ್ದರು, ನಟರು ಆಡುತ್ತಿದ್ದರು. ಒಬ್ಬ ಹೆಂಗಸು ಸಲಹೆ ಹೇಳಿದಳು. ನಟಿ ಎಷ್ಟು ಸಲ ಆಡಿದರೂ ಅವಳಿಗೆ ಸಮಾಧಾನವಿಲ್ಲ. ಹಾಗಲ್ಲ, ಹಾಗಲ್ಲ. ಕೊನೆಗೆ ನೀವೇ ಬನ್ನಿ ಅಂದರು. ಅವಳು ವೇದಿಕೆ ಹತ್ತಿ ಪೊರಕೆ ಕೈಗೆತ್ತಿಕೊಂಡಳು. ಗಂಡನ ಪಾತ್ರ ಮಾಡಿದ್ದವನ ಗತಿ ಏನಾಯಿತು ಅಂತ ನೀವೇ ಊಹಿಸಿಕೊಳ್ಳಿ. ನೋಡುವವರು ಎದ್ದು ಬಂದು ಆಡುವ ಪದ್ಧತಿ ಬಂದದ್ದು ಹೀಗೆ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಜನ, ಆಮೇಲೆ ಕತೆ

ಎಂಟರಿಂದ ಹನ್ನೆರಡು ಜನ ಸಾಕು. ಅವರಲ್ಲಿ ಕಡೇಪಕ್ಷ ಅರ್ಧದಷ್ಟು ಜನ ಆ ಸಮಸ್ಯೆಯನ್ನು ದಿನಾ ಅನುಭವಿಸುವವರು ಆಗಿರಬೇಕು. ಮನೆಗೆಲಸದವರ ಬಗ್ಗೆ ನಾಟಕವಾದರೆ ಮನೆಗೆಲಸದವರು, ಕಿವಿ ಕೇಳಿಸದ ಮಕ್ಕಳ ಓದಿನ ಬಗ್ಗೆಯಾದರೆ ಆ ಮಕ್ಕಳು ಮತ್ತು ಅವರ ಮನೆಯವರು. ಅವರನ್ನು 'ಮಾಹಿತಿ ಕೊಡಲು' ಕರೆಯಬೇಡಿ. ದೃಶ್ಯ ಹೇಗಿರಬೇಕು, ಎಲ್ಲಿ ಆಡಬೇಕು, ಏನನ್ನು ಹೇಳಲೇಬಾರದು ಅನ್ನುವ ತೀರ್ಮಾನ ಅವರ ಕೈಯಲ್ಲಿರಬೇಕು. ಮುಂಚೆಯೇ ಸ್ಕ್ರಿಪ್ಟ್ ಬರೆದಿಟ್ಟುಕೊಂಡು ಕರೆದರೆ ಅವರು ಒಪ್ಪಿಗೆಯ ಮುದ್ರೆ ಒತ್ತುವವರಾಗುತ್ತಾರೆ ಅಷ್ಟೆ.

ದುಡ್ಡಿನ ವಿಷಯ ಮೊದಲೇ ಮಾತಾಡಿ. ಒಂದು ದಿನದ ತಾಲೀಮು ಅಂದರೆ ಕೆಲವರಿಗೆ ಒಂದು ದಿನದ ಕೂಲಿ ಹೋದಂತೆ. ಲೈಟಿನವರಿಗೆ ಬಾಡಿಗೆ ಕೊಡುತ್ತೀರಿ, ತನ್ನ ಬದುಕನ್ನೇ ತೆರೆದಿಡುವವರಿಗೆ ಬರೀ ಶಾಲು ಹೊದಿಸಿ ಕಳಿಸುವುದು ನ್ಯಾಯವಲ್ಲ, ಅಲ್ವಾ?

ತಾಲೀಮಿನ ಮೊದಲ ದಿನವೇ ಬಾಗಿಲು ಅಗಲವಿರಲಿ

ಎಲ್ಲರನ್ನೂ ಒಳಗೊಳ್ಳುವ ವ್ಯವಸ್ಥೆಯನ್ನು ಪ್ರದರ್ಶನದ ದಿನಕ್ಕೆ ಅಂತ ಎತ್ತಿಡಬೇಡಿ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ: "ಇಲ್ಲಿಗೆ ಬಂದು ಆರಾಮಾಗಿ ಕೆಲಸ ಮಾಡೋಕೆ ನಿಮಗೆ ಏನು ಬೇಕು?" ಅಂಗವಿಕಲರನ್ನು ಮಾತ್ರ ಕೇಳಿದರೆ ಅವರನ್ನು ಬೇರೆ ಕೂರಿಸಿದ ಹಾಗೆ. ಎಲ್ಲರನ್ನೂ ಕೇಳಿದರೆ ಗೊತ್ತಾಗುವುದೇ ಬೇರೆ. ಒಬ್ಬರಿಗೆ ಮಗುವನ್ನು ಕರೆದುಕೊಂಡು ಬರಬೇಕು. ಒಬ್ಬರಿಗೆ ಓದಲು ಬರುವುದಿಲ್ಲ, ಡೈಲಾಗ್‌ಗಳನ್ನು ಆಡಿಯೋ ಮಾಡಿ ಕೊಡಬೇಕು. ಇನ್ನೊಬ್ಬರು ಕತ್ತಲಾಗುವ ಮುಂಚೆ ಮನೆ ಸೇರಬೇಕು.

ಕೆಲವು ಅಳತೆ ನೆನಪಿರಲಿ. ರ್ಯಾಂಪ್ ಅಂದರೆ ಎರಡು ಹಲಗೆ ಒರಗಿಸುವುದಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ವೇದಿಕೆ ಮೂರಡಿ ಎತ್ತರವಿದ್ದರೆ ರ್ಯಾಂಪ್ ಮೂವತ್ತಾರು ಅಡಿ ಆಗುತ್ತದೆ. ಅಷ್ಟು ಜಾಗ ಎಲ್ಲಿಂದ ತರುತ್ತೀರಿ? ಅದಕ್ಕೇ ನಾನು ವೇದಿಕೆಯನ್ನೇ ಬಿಟ್ಟುಬಿಟ್ಟೆ, ನೆಲದ ಮೇಲೇ ಆಡುತ್ತೇವೆ. ಸನ್ನೆ ಭಾಷೆಯ ಅನುವಾದಕರು ಇಬ್ಬರು ಬೇಕು, ಒಬ್ಬರೇ ಒಂದು ಗಂಟೆ ಮಾಡಿದರೆ ಕೈಯೂ ಸೋಲುತ್ತದೆ, ತಲೆಯೂ ಸೋಲುತ್ತದೆ. ಅವರ ಮುಖದ ಮೇಲೆ ಬೆಳಕು ಬೀಳಬೇಕು. ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಏನೂ ಕಾಣುವುದಿಲ್ಲ. ಪಟಪಟ ಮಿನುಗುವ ಲೈಟು ಬೇಡವೇ ಬೇಡ, ಮೂರ್ಛೆರೋಗ ಇರುವ ಕೆಲವರಿಗೆ ಅದು ಅಪಾಯ.

ಕತೆ ಕೇಳುವುದು

ಇಲ್ಲಿ ಅವಸರ ಮಾಡಬೇಡಿ. "ನಿಮ್ಮ ಕಷ್ಟ ಹೇಳಿ" ಅಂತ ಕೇಳಿದರೆ ಜನ ಎಲ್ಲೋ ಕೇಳಿದ ಭಾಷಣ ಹೇಳುತ್ತಾರೆ, ಇಲ್ಲವೇ ತುಂಬಾ ನೋವಿನ ಕತೆಗೆ ಇಳಿದುಬಿಡುತ್ತಾರೆ. ಎರಡೂ ಬೇಡ. "ಈ ತಿಂಗಳು ಯಾವಾಗ ಸಿಟ್ಟು ಬಂತು? ಎಲ್ಲಿದ್ರಿ? ಎದುರಿಗೆ ಯಾರಿದ್ರು? ಅವರು ಏನಂದ್ರು?" ಅಂತ ಕೇಳಿ. ದೃಶ್ಯ ತಾನಾಗಿಯೇ ಹೊರಗೆ ಬರುತ್ತದೆ.

ಮಾತಿಗೂ ಮುಂಚೆ ಮೈ ಸಡಿಲಾಗಬೇಕು. ಬೋಲ್ ಕಡೆಯಿಂದ ಬಂದ ಒಂದು ಆಟ ನನಗೆ ತುಂಬಾ ಇಷ್ಟ. ಇಬ್ಬಿಬ್ಬರ ಜೋಡಿ. ಒಬ್ಬರು ಅಂಗೈಯನ್ನು ಇನ್ನೊಬ್ಬರ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯಬೇಕು. ಕೈ ಎಲ್ಲಿ ಹೋಗುತ್ತದೋ ಮುಖ ಅಲ್ಲಿಗೆ ಹೋಗಬೇಕು, ಆ ದೂರ ಬದಲಾಗಬಾರದು. ಐದು ನಿಮಿಷದ ಮೇಲೆ ಅದಲುಬದಲು. ಕಣ್ಣು ಕಾಣದವರಿದ್ದರೆ ಬೆರಳ ತುದಿ ತಾಕಿಸಿಕೊಂಡು ಆಡಲಿ. ಆಟ ಮುಗಿದ ಮೇಲೆ ಕೇಳಿ: ಕುಣಿಸುವಾಗ ಹೇಗನಿಸಿತು, ಕುಣಿಯುವಾಗ ಹೇಗನಿಸಿತು? ಅಧಿಕಾರದ ಬಗ್ಗೆ ಎರಡು ಗಂಟೆ ಉಪನ್ಯಾಸ ಮಾಡಿದರೂ ಹೊರಬರದ ಮಾತು ಇಲ್ಲಿ ಹತ್ತು ನಿಮಿಷದಲ್ಲಿ ಬರುತ್ತದೆ. "ಕುಣಿಸುವಾಗ ಅವರ ಬೆನ್ನು ನೋಯುತ್ತೆ ಅನ್ನೋದೇ ಮರೆತುಹೋಯ್ತು" ಅಂತ ಒಬ್ಬರು ಅಂದಿದ್ದರು.

ಆಮೇಲೆ ಸ್ತಬ್ಧಚಿತ್ರ. ಕತೆ ಹೇಳಿದವರು ಉಳಿದವರನ್ನು ಬೊಂಬೆಗಳ ಹಾಗೆ ನಿಲ್ಲಿಸಿ ಆ ಗಳಿಗೆಯನ್ನು ತೋರಿಸಬೇಕು. ಮಾತಿಲ್ಲ. ಮೊದಲ ಚಿತ್ರ ಈಗ ಹೇಗಿದೆ ಅನ್ನುವುದು. ಎರಡನೆಯದು ಹೇಗಿರಬೇಕಿತ್ತು ಅನ್ನುವುದು. ಮೂರನೆಯದೇ ಕಷ್ಟದ್ದು: ಇದರಿಂದ ಅದಕ್ಕೆ ಹೋಗುವಾಗ ನಡುವೆ ಏನಿರುತ್ತದೆ? ನಾಟಕ ಅಡಗಿರುವುದು ಆ ಮೂರನೇ ಚಿತ್ರದಲ್ಲಿ. ಈ ಆಟದಲ್ಲೂ ಯಾರ ಮೈ ಮುಟ್ಟುವ ಮುಂಚೆಯೂ ಅವರನ್ನು ಕೇಳಬೇಕು.

ಹೇಳಿದವರ ಕತೆಯನ್ನು ಇದ್ದ ಹಾಗೇ ಎತ್ತಿಕೊಳ್ಳಬೇಡಿ. ಮೂರು ನಾಲ್ಕು ಕತೆ ಸೇರಿಸಿ ಒಂದು ಮಾಡಿ. ಊರಿನವರು ನೋಡಿ "ಓ, ಇದು ಅವಳ ಮನೆ ಕತೆ" ಅಂತ ಗುರುತು ಹಿಡಿದರೆ ಅದರ ಬೆಲೆ ಕಟ್ಟುವವಳು ಅವಳೇ. ಪ್ರದರ್ಶನದ ಬೆಳಿಗ್ಗೆಯೂ "ಬೇಡ" ಅನ್ನುವ ಹಕ್ಕು ಅವರಿಗಿರಲಿ. ಒಂದು ಸಲ ಹಾಗೆ ನಮ್ಮ ಒಂದು ಇಡೀ ದೃಶ್ಯ ಬಿದ್ದುಹೋಯಿತು. ಬೈದುಕೊಂಡೇ ಹೊಸದು ಕಟ್ಟಿದೆವು. ಆದರೂ ನಿಯಮ ಸರಿಯಾಗಿಯೇ ಇದೆ.

ದೃಶ್ಯ ಕಟ್ಟುವುದು

ಹತ್ತು ಹನ್ನೆರಡು ನಿಮಿಷಕ್ಕಿಂತ ಉದ್ದ ಬೇಡ. ದೆಹಲಿಯ ಬೀದಿ ನಾಟಕ ತಂಡ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ 'ಮಷೀನ್' ಬೀದಿ ನಾಟಕ ಹದಿಮೂರು ನಿಮಿಷದ್ದು. ಆ ನಾಟಕಕ್ಕೆ ಕಾರಣವಾದ ಕಾರ್ಖಾನೆಯ ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಜಾಗ ಮತ್ತು ಒಂದು ಕ್ಯಾಂಟೀನ್. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊಸಬರು 'ವ್ಯವಸ್ಥೆ'ಯನ್ನೇ ವೇದಿಕೆಗೆ ತರಲು ಹೋಗುತ್ತಾರೆ. ವ್ಯವಸ್ಥೆಯ ಪಾತ್ರ ಮಾಡಲು ಯಾರಿಗೂ ಬರುವುದಿಲ್ಲ. ಸೈಕಲ್ ಸ್ಟ್ಯಾಂಡ್ ಕೊಡದ ಮ್ಯಾನೇಜರ್ ಪಾತ್ರವನ್ನು ಯಾರು ಬೇಕಾದರೂ ಮಾಡಬಹುದು.

ನಮ್ಮ ಬಸ್ಸಿನ ದೃಶ್ಯ ಹೀಗಿತ್ತು. ಮೊದಲ ನಾಟಕದ ದಿನ ನನಗೆ ಬುದ್ಧಿ ಹೇಳಿದವರೇ ನಾಯಕ. ನಾನು ಡ್ರೈವರ್. ನಾಯಕನಿಗೆ ಹತ್ತು ಗಂಟೆಗೆ ಕೆಲಸದ ಇಂಟರ್‌ವ್ಯೂ. ಮೊದಲ ಬಸ್ಸು ಸ್ಟಾಪಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. "ರ್ಯಾಂಪ್ ಕೆಟ್ಟಿದೆ, ಹಿಂದೆ ಇನ್ನೊಂದು ಬರ್ತಿದೆ." ಎರಡನೇ ಬಸ್ಸು ತುಂಬಿದೆ. "ಪಾಪ, ಹತ್ತಿಸ್ಕೊಳ್ಳಿ" ಅಂತ ಒಬ್ಬರು, "ಲೇಟಾಗುತ್ತೆ ಕಣ್ರೀ" ಅಂತ ಇನ್ನೊಬ್ಬರು. ಇಬ್ಬರು ಹುಡುಗರು ಇಳಿದು ಬಂದು, ಕೇಳದೆ ಮಾಡದೆ ವೀಲ್‌ಚೇರ್ ಹಿಡಿದು ಎತ್ತಲು ಹೋಗುತ್ತಾರೆ. "ಬೇಡ, ಇದು ಭಾರ ಇದೆ, ಬೀಳ್ತೀನಿ, ರ್ಯಾಂಪ್ ಬಿಡಿಸಿ ಸಾಕು" ಅನ್ನುತ್ತಾನೆ ನಾಯಕ. "ಸಹಾಯ ಮಾಡೋಕೆ ಬಂದ್ರೂ ಹೀಗಾ!" ಅಂತ ಮುನಿಸಿಕೊಂಡು ಅವರು ಬಸ್ಸು ಹತ್ತುತ್ತಾರೆ. ಬಸ್ಸು ಹೋಗುತ್ತದೆ. ನಾಯಕ ಫೋನ್ ಮಾಡುತ್ತಾನೆ. ಆ ಕಡೆಯಿಂದ ತುಂಬಾ ಮೃದುವಾದ ದನಿ: "ಪರವಾಗಿಲ್ಲ ಸಾರ್, ಮುಂದಿನ ಸಲ ನೋಡೋಣ." ಮುಗಿಯಿತು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ನಾಯಕ ಸುಮ್ನೆ ಕೂತಿಲ್ಲ. ಅವನಿಗೆ ಏನೋ ಬೇಕು, ಅದಕ್ಕೆ ಪ್ರಯತ್ನ ಮಾಡುತ್ತಾನೆ, ಸೋಲುತ್ತಾನೆ. ಪಾತ್ರ ಮೊದಲೇ ಸೋತು ಕೂತಿದ್ದರೆ ನೋಡುವವರಿಗೆ ಎದ್ದು ಬರಲು ಸಂದೇ ಸಿಗುವುದಿಲ್ಲ. ಎರಡು, ಖಳನಾಯಕ ಇಲ್ಲ. ಮೀಸೆ ತಿರುವುವ ಡ್ರೈವರ್ ಇದ್ದಿದ್ದರೆ ಜನ ಅವನನ್ನು ಬೈದು ಹಗುರಾಗಿ ಮನೆಗೆ ಹೋಗುತ್ತಿದ್ದರು. "ಪಾಪ" ಅನ್ನುವವರನ್ನು ಎದುರಿಸುವುದು ಎಷ್ಟು ಕಷ್ಟ ಅನ್ನುವುದು ಗೊತ್ತಾಗುತ್ತಲೇ ಇರಲಿಲ್ಲ.

ತಾಲೀಮಿನಲ್ಲಿ ಡೈಲಾಗ್ ಬಾಯಿಪಾಠಕ್ಕಿಂತ ಅಡ್ಡಿ ಎದುರಿಸುವ ಅಭ್ಯಾಸ ಜಾಸ್ತಿ ಮಾಡಿ. ತಂಡದವರೇ ಒಬ್ಬೊಬ್ಬರಾಗಿ ನಾಯಕನ ಜಾಗಕ್ಕೆ ಬಂದು ಏನೇನೋ ಮಾಡಲಿ. ಡ್ರೈವರ್ ಸುಲಭಕ್ಕೆ ಸೋಲಬಾರದು, ಹಟಕ್ಕೆ ಬಿದ್ದು ಗೆಲ್ಲಲೂಬಾರದು. ನಿಜವಾದ ಡ್ರೈವರ್ ಎಷ್ಟಕ್ಕೆ ಬಗ್ಗುತ್ತಾನೋ ಅಷ್ಟಕ್ಕೇ ಬಗ್ಗಬೇಕು.

ಆಡುವ ದಿನ

ಜನರನ್ನು ಅರ್ಧಚಂದ್ರದ ಹಾಗೆ ಕೂರಿಸಿ. ದಾರಿ ಬಿಡಿ, ಯಾರು ಎಲ್ಲಿಂದ ಬೇಕಾದರೂ ಎದ್ದು ಬರುವಂತಿರಲಿ. ವೀಲ್‌ಚೇರ್ ಜಾಗಗಳು ಒಂದೇ ಮೂಲೆಯಲ್ಲಿ ಬೇಡ, ಸಾಲುಗಳ ನಡುನಡುವೆ ಇರಲಿ. ಜನ ತಮ್ಮವರ ಪಕ್ಕದಲ್ಲೇ ಕೂರಬೇಕಲ್ಲ. ಜನರ ಗಲಾಟೆ, ಸದ್ದು ಕೆಲವರಿಗೆ ಆಗುವುದಿಲ್ಲ. ಹೊರಗೆ ಹೋಗಿ ಮತ್ತೆ ಬರಬಹುದು ಅಂತ ಮೊದಲೇ ಹೇಳಿ, ಒಂದು ಶಾಂತವಾದ ಕೋಣೆ ತೋರಿಸಿಡಿ.

ನಾಟಕಕ್ಕೂ ಜನಕ್ಕೂ ನಡುವೆ ಒಬ್ಬ ಸೂತ್ರಧಾರ ಬೇಕು. ಬೋಲ್ ಈ ಪಾತ್ರವನ್ನು ಜೋಕರ್ ಅನ್ನುತ್ತಿದ್ದರು, ಇಸ್ಪೀಟಿನ ಜೋಕರ್ ಥರ ಯಾವ ಬಣ್ಣಕ್ಕೂ ಸೇರದವನು ಅನ್ನುವ ಅರ್ಥದಲ್ಲಿ. ಇಡೀ ಕೆಲಸ ನಿಂತಿರುವುದು ಈ ವ್ಯಕ್ತಿಯ ಮೇಲೆ. ಅವರು ಉತ್ತರ ಹೇಳಬಾರದು, ಪ್ರಶ್ನೆ ಕೇಳಬೇಕು. ಮೊದಲ ಸಲ ಆಡಿ ಮುಗಿದ ಕೂಡಲೇ "ಇದು ನಿಜವಾಗಿ ನಡೆಯುತ್ತಾ?" ಅಂತ ಕೇಳಲಿ. ಜನ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ, ಎಲ್ಲಿ ಸುಳ್ಳಾಯಿತು ಅಂತ ಕೇಳಲಿ. ಹೌದು ಅಂದರೆ "ನೀವು ಅವರ ಜಾಗದಲ್ಲಿದ್ದಿದ್ರೆ ಎಲ್ಲಿ ಬೇರೆ ಥರ ಮಾಡ್ತಿದ್ರಿ? ಎರಡನೇ ಸಲ ಆಡುವಾಗ ಅಲ್ಲಿ 'ನಿಲ್ಲಿಸಿ' ಅಂತ ಕೂಗಿ" ಅನ್ನಲಿ. ಮಾತು ಬಾರದವರು ಕೈ ಎತ್ತಬಹುದು. ಕೂತಲ್ಲಿಂದಲೇ ಸಲಹೆ ಕೊಟ್ಟರೆ ನಗುತ್ತಾ ಹೇಳಲಿ: "ಬನ್ನಿ, ಮಾಡಿ ತೋರ್ಸಿ."

ಮೊದಲ ಎರಡು ನಿಮಿಷ ಯಾರೂ ಬರುವುದಿಲ್ಲ. ಆ ಮೌನಕ್ಕೆ ಹೆದರಿ ಸೂತ್ರಧಾರ ಮಾತು ತುಂಬಲು ಹೋದರೆ ಕೆಲಸ ಕೆಟ್ಟಿತು. ಕಾಯಬೇಕು. ನೀರು ಕುಡಿಯಿರಿ, ಕನ್ನಡಕ ಒರೆಸಿಕೊಳ್ಳಿ, ಏನಾದರೂ ಮಾಡಿ. ಯಾರೋ ಒಬ್ಬರು ಕೂಗೇ ಕೂಗುತ್ತಾರೆ.

ನಿಯಮ ಸರಳ. ಅನ್ಯಾಯಕ್ಕೊಳಗಾದವರ ಜಾಗಕ್ಕೆ ಬರಬಹುದು, ಸುಮ್ಮನೆ ನೋಡುತ್ತಾ ನಿಂತವರ ಜಾಗಕ್ಕೂ ಬರಬಹುದು. ಅನ್ಯಾಯ ಮಾಡುವವರ ಜಾಗಕ್ಕೆ ಬಂದು ಅವರನ್ನು ಒಂದೇ ಏಟಿಗೆ ಒಳ್ಳೆಯವರನ್ನಾಗಿ ಮಾಡುವ ಹಾಗಿಲ್ಲ. ಅದು ಮಾಯಾಮಂತ್ರ. ಲಾಟರಿ ಹೊಡೆಯಿತು, ಮಂತ್ರಿ ಫೋನ್ ಮಾಡಿದರು ಅನ್ನುವುದೂ ಮಾಯಾಮಂತ್ರವೇ. ಆದರೆ ಅದನ್ನು ಸೂತ್ರಧಾರ ಹೇಳಬಾರದು, "ಇದು ಆಗುತ್ತಾ?" ಅಂತ ಜನರನ್ನೇ ಕೇಳಬೇಕು. ಇನ್ನೊಂದು: ವೀಲ್‌ಚೇರ್ ಬಳಸದವರು ನಾಯಕನ ಜಾಗಕ್ಕೆ ಬಂದರೆ ನಮ್ಮಲ್ಲಿ ಮಾಮೂಲಿ ಕುರ್ಚಿಯಲ್ಲಿ ಕೂರುತ್ತಾರೆ. ನಾಯಕನ ವೀಲ್‌ಚೇರ್ ಅವರ ಮೈಯಿದ್ದ ಹಾಗೆ, ಅದನ್ನು ಯಾರಿಗೂ ಬಿಟ್ಟುಕೊಡಬೇಕಿಲ್ಲ.

ಬಸ್ಸಿನ ದೃಶ್ಯಕ್ಕೆ ಮೊದಲು ಬಂದ ಹುಡುಗ ಡ್ರೈವರನ್ನು ಬಾಯಿಗೆ ಬಂದಂತೆ ಬೈದ. ನಾನು ಬಾಗಿಲು ಹಾಕಿಕೊಂಡು ಹೊರಟೆ. ಜನ ನಕ್ಕರು. ಎರಡನೆಯವರು ಒಬ್ಬ ವಯಸ್ಸಾದ ಹೆಂಗಸು. ಕುರ್ಚಿ ಎಳೆದುಕೊಂಡು ಹೋಗಿ ಬಸ್ಸಿಗೆ ಅಡ್ಡ ಕೂತುಬಿಟ್ಟರು. ಬಸ್ಸೇನೋ ನಿಂತಿತು. ಆದರೆ ಒಳಗಿದ್ದವರೆಲ್ಲ ಅವರ ಮೇಲೆ ತಿರುಗಿಬಿದ್ದರು. ಮೂರನೆಯವಳು ಕಾಲೇಜು ಹುಡುಗಿ. ಪ್ರಯಾಣಿಕರೊಬ್ಬರ ಜಾಗಕ್ಕೆ ಬಂದು, ಬಾಗಿಲಲ್ಲಿ ನಿಂತು, "ಇವರು ಹತ್ತಿದ ಮೇಲೇ ನಾನು ಹತ್ತೋದು" ಅಂದಳು. ಅವಳ ಹಿಂದೆ ಇನ್ನಿಬ್ಬರು ಇಳಿದರು. ನನಗೆ ಮೊದಲ ಸಲ ಏನು ಹೇಳಬೇಕು ಅಂತ ತೋಚಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ನಾನು ಬಸ್ ಡ್ರೈವರ್. ಆ ಪಾತ್ರ ನಾನು ಮಾಡ್ತೀನಿ." ನಿಯಮದ ಪ್ರಕಾರ ಬಿಡಬಾರದು. ಸೂತ್ರಧಾರ ಒಂದು ಗಳಿಗೆ ಯೋಚಿಸಿ, "ಒಳ್ಳೇವರಾಗೋಕೆ ಅಲ್ಲ, ಇರೋ ಹಾಗೇ ತೋರ್ಸಿ" ಅಂದರು. ಅವರು ನನ್ನ ಸೀಟಿನಲ್ಲಿ ಕೂತರು. ಕನ್ನಡಿ ನೋಡಿದರು, ಕೈಗಡಿಯಾರ ನೋಡಿದರು, ಮತ್ತೆ ಕನ್ನಡಿ. "ಇಳಿದು ರ್ಯಾಂಪ್ ಬಿಡಿಸಿ ಮತ್ತೆ ಮಡಚೋಕೆ ಐದು ನಿಮಿಷ ಬೇಕು. ಆ ಐದು ನಿಮಿಷ ನನ್ನ ಹೆಸರಲ್ಲಿ ಲೇಟ್ ಅಂತ ಬರೀತಾರೆ. ತಿಂಗಳಲ್ಲಿ ನಾಲ್ಕು ಸಲ ಆದ್ರೆ ನನ್ನನ್ನ ಕರೆದು ಕೇಳ್ತಾರೆ. ಅದಕ್ಕೆ ರ್ಯಾಂಪ್ ಕೆಟ್ಟಿದೆ ಅಂತೀನಿ." ನಾವು ಎರಡು ತಿಂಗಳು ತಾಲೀಮು ಮಾಡಿದ್ದೆವು. ಈ ಐದು ನಿಮಿಷದ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸುರಕ್ಷತೆ

ಜನ ನಾಟ್ಯ ಮಂಚ್ ಕಟ್ಟಿದವರಲ್ಲಿ ಒಬ್ಬರಾದ ಸಫ್ದರ್ ಹಾಶ್ಮಿ ದೆಹಲಿ ಹತ್ತಿರದ ಸಾಹಿಬಾಬಾದ್‌ನಲ್ಲಿ ಬೀದಿ ನಾಟಕ ಆಡುತ್ತಿದ್ದಾಗ ಅವರ ತಂಡದ ಮೇಲೆ ದಾಳಿಯಾಯಿತು. ಅದು 1989ರ ಜನವರಿ 1. ಮರುದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ಸಂಗಾತಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ವಾಪಸು ಹೋಗಿ ಅರ್ಧಕ್ಕೆ ನಿಂತಿದ್ದ ನಾಟಕ ಮುಗಿಸಿದರು. ಅಂಥ ಧೈರ್ಯ ಎಲ್ಲರಿಂದಲೂ ಬಯಸುವುದು ತಪ್ಪು. ವಿಷಯ ಬಿಸಿಯಾಗಿದ್ದರೆ ಜಾಗದವರ ಒಪ್ಪಿಗೆ ಬರಹದಲ್ಲಿರಲಿ, ಹೊರಗೆ ಹೋಗುವ ಎರಡು ದಾರಿ ಗೊತ್ತಿರಲಿ, ವಿಡಿಯೋ ಬೇಡ ಅಂತ ಮೊದಲೇ ಹೇಳಿ. ಮಾರನೇ ದಿನ ಅದೇ ಊರಿನಲ್ಲಿ, ಅದೇ ಮಾಲೀಕನ ಕೈಕೆಳಗೆ ಕೆಲಸಕ್ಕೆ ಹೋಗುವವರು ಕತೆ ಕೊಟ್ಟವರು, ನಾವಲ್ಲ. ನೋಡುವವರಲ್ಲಿ ಯಾರಿಗಾದರೂ ಹಳೆಯ ನೋವು ಕೆದಕಿ ಅಳು ಬಂದರೆ ಪಕ್ಕದಲ್ಲಿ ಕೂರಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಡಿ. ದೈಹಿಕ ಹಿಂಸೆಯ ದೃಶ್ಯವನ್ನು ಎರಡನೇ ಸಲ ಆಡುವಾಗ ಆ ಏಟಿಗೆ ಮುಂಚೆಯೇ ನಿಲ್ಲಿಸುವುದು ಒಳ್ಳೆಯದು.

ಚಪ್ಪಾಳೆ ಆದ ಮೇಲೆ

ಒಬ್ಬರನ್ನು ಬರೆದುಕೊಳ್ಳುವುದಕ್ಕೇ ಕೂರಿಸಿ. ಯಾರು ಏನು ಮಾಡಿದರು, ಎಲ್ಲಿ ಕೆಲಸ ಮಾಡಿತು, ಎಲ್ಲಿ ಮುರಿಯಿತು. ಬೋಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದಾಗ ಮಾಡಿದ್ದು ಇದನ್ನೇ. ನಾಟಕಗಳಲ್ಲಿ ಬಂದ ಸಲಹೆಗಳನ್ನು ವಕೀಲರಿಗೆ ಕೊಟ್ಟು ಮಸೂದೆ ಮಾಡಿಸುತ್ತಿದ್ದರು. ಹದಿಮೂರು ಕಾನೂನುಗಳಾದವು. ಅದರಲ್ಲಿ ಒಂದು ರಸ್ತೆ ಬದಿಯ ಟೆಲಿಫೋನ್ ಗೂಡುಗಳ ಬಗ್ಗೆ. ಗೂಡು ಮೇಲೆ ಚಾಚಿಕೊಂಡಿರುತ್ತಿತ್ತು. ಕಣ್ಣು ಕಾಣದವರ ಕೋಲು ಕೆಳಗೆ ಏನನ್ನೂ ತಾಕುತ್ತಿರಲಿಲ್ಲ, ತಲೆ ಹೋಗಿ ಹೊಡೆಯುತ್ತಿತ್ತು. ಕೆಳಗೊಂದು ಕಟ್ಟೆ ಕಟ್ಟಿದರೆ ಕೋಲಿಗೆ ಮೊದಲೇ ಗೊತ್ತಾಗುತ್ತದೆ. ಇದನ್ನು ಕಣ್ಣಿರುವವರು ಎಷ್ಟು ವರ್ಷ ಸಭೆ ಸೇರಿದ್ದರೂ ಹೇಳುತ್ತಿರಲಿಲ್ಲ.

ಬಸ್ ಸಂಸ್ಥೆಗೆ ನಾವು ಕೊಟ್ಟ ಅರ್ಜಿ ಒಂದೇ ಸಾಲಿನದು: ರ್ಯಾಂಪ್ ಬಿಡಿಸಿದ ಹೊತ್ತನ್ನು ಡ್ರೈವರ್ ಹೆಸರಿನಲ್ಲಿ ಲೇಟ್ ಅಂತ ಬರೆಯಬಾರದು. ಡ್ರೈವರ್‌ಗಳೂ ವೀಲ್‌ಚೇರ್ ಬಳಸುವವರೂ ಒಂದೇ ಹಾಳೆಗೆ ಸಹಿ ಹಾಕಿದರು. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೇ ಸಲ ಪತ್ರದ ಜೊತೆ ದೃಶ್ಯವನ್ನೂ ತೆಗೆದುಕೊಂಡು ಹೋಗಿ ಅವರ ಮೀಟಿಂಗ್ ಕೋಣೆಯಲ್ಲೇ ಆಡಿದೆವು. ಒಂದು ಮಾರ್ಗದಲ್ಲಿ ಮಾತ್ರ ಮಾಡಿ ನೋಡೋಣ ಅಂತ ಒಪ್ಪಿದರು.

ಆರು ತಿಂಗಳು ಬಿಟ್ಟು ಅದೇ ಜಾಗಕ್ಕೆ ಮತ್ತೆ ಹೋಗಿ. ಇದನ್ನು ಬಹಳ ತಂಡಗಳು ಮಾಡುವುದಿಲ್ಲ. ಹೋದ ಸಲ ಬರೆದುಕೊಂಡದ್ದನ್ನು ಓದಿ ಹೇಳಿ, ಏನಾಯಿತು ಅಂತ ಕೇಳಿ. ನಾವು ಹೋಗುವ ಹಿಂದಿನ ದಿನ ನಮ್ಮ ನಾಯಕ ಫೋನ್ ಮಾಡಿದ್ದರು. ಈಗ ಡ್ರೈವರ್ ಇಳಿದು ಬಂದು ರ್ಯಾಂಪ್ ಬಿಡಿಸುತ್ತಾರಂತೆ. ಆದರೆ ಸ್ಟಾಪಿನ ಮುಂದೆ ಬೈಕುಗಳು ನಿಂತಿರುತ್ತವೆ, ರ್ಯಾಂಪ್ ಊರಲು ನೆಲವೇ ಸಿಗುವುದಿಲ್ಲ. "ಹಳೇ ದೃಶ್ಯ ಬೇಡ ಸಾರ್" ಅಂದರು. "ಈ ಸಲ ನಿಮಗೆ ಬೈಕ್ ಓನರ್ ಪಾತ್ರ."